ವ್ಯವಸ್ಥೆಯ ಪೈಥಾನ್ ವ್ಯವಸ್ಥೆಗೇ ಇರಲಿ

ವಿಜಯಪುರದ ಒಂದು ಕೋಲ್ಡ್ ಸ್ಟೋರೇಜ್‌ನಲ್ಲಿ, ತಿಕೋಟಾ ಕಡೆಯ ರೈತರು ತಂದಿಡುವ ಒಣದ್ರಾಕ್ಷಿ ಬಾಕ್ಸ್‌ಗಳ ತೂಕ ಮತ್ತು ಬಾಡಿಗೆಯ ಲೆಕ್ಕಕ್ಕೆ ನಾನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಪ್ರೋಗ್ರಾಮ್ ಬರೆದುಕೊಟ್ಟಿದ್ದೆ. ಅಲ್ಲಿನ ಹಳೆಯ ಕಂಪ್ಯೂಟರಿಗೆ ಆರ್ಚ್ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಹಾಕಿದವನೂ ನಾನೇ ಆದ್ದರಿಂದ, ಮುಂದೆ ಆದದ್ದಕ್ಕೆ ಬೇರೆ ಯಾರನ್ನೂ ದೂರುವಂತಿಲ್ಲ.

2024ರ ಬೇಸಿಗೆಯಲ್ಲಿ, ಮಾಲು ಬರುವ ಭರಾಟೆಯ ನಡುವೆಯೇ, ಒಂದು ಸಂಜೆ ಆ ಕಂಪ್ಯೂಟರನ್ನು ಪೂರ್ತಿ ಅಪ್‌ಡೇಟ್ ಮಾಡಿ ಮನೆಗೆ ಬಂದೆ. ಮರುದಿನ ಬೆಳಿಗ್ಗೆ ಗುಮಾಸ್ತರ ಫೋನ್: "ಸರ, ಬಿಲ್ ಬರವಲ್ದರಿ." ಹೋಗಿ ನೋಡಿದರೆ ಕೋಷ್ಟಕಗಳ ಲೆಕ್ಕಕ್ಕೆ ಬಳಸುವ ಸಿದ್ಧ ಕೋಡ್ ಆದ ಪಾಂಡಾಸ್ ಎಂಬ ಮಾಡ್ಯೂಲೇ ಇಲ್ಲ ಎಂದು ಪರದೆ ಹೇಳುತ್ತಿತ್ತು.

ಮಾಡ್ಯೂಲ್ ಡಿಸ್ಕಿನಲ್ಲಿ ಇದ್ದಲ್ಲೇ ಇತ್ತು. ಒಂದು ಪ್ರೋಗ್ರಾಮಿಗೆಂದೇ ಬೇರೆಯಾಗಿ ಇಡುವ ಫೋಲ್ಡರ್, ಅಂದರೆ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿಕೊಂಡರೆ ಸಾಕು, ಪೈಥಾನ್ ಪ್ರತ್ಯೇಕವಾಯಿತು ಎಂದು ನಾನು ನಂಬಿದ್ದೆ. ಆದರೆ ಅದರೊಳಗಿನ ಪೈಥಾನ್ ನಿಜವಾದ ಫೈಲ್ ಅಲ್ಲ, ಆರ್ಚ್ ತಾನೇ ಇಟ್ಟುಕೊಂಡಿರುವ ವ್ಯವಸ್ಥೆಯ ಪೈಥಾನ್ ಕಡೆಗೆ ಬೆರಳು ತೋರಿಸುವ ಒಂದು ಕೊಂಡಿ ಮಾತ್ರ. ರಾತ್ರೋರಾತ್ರಿ ವ್ಯವಸ್ಥೆಯ ಪೈಥಾನ್ 3.11ರಿಂದ 3.12 ಆಗಿತ್ತು. ಹೊಸದು 3.12ರ ಹೆಸರಿನ ಫೋಲ್ಡರ್ ಹುಡುಕುತ್ತಿತ್ತು, ನನ್ನ ಲೈಬ್ರರಿಗಳೆಲ್ಲ 3.11ರ ಫೋಲ್ಡರಿನಲ್ಲಿ ಕುಳಿತಿದ್ದವು. ಮತ್ತೆ ಇನ್‌ಸ್ಟಾಲ್ ಮಾಡೋಣವೆಂದರೆ ನಾನು ನೆಚ್ಚಿಕೊಂಡಿದ್ದ, ಸಂಖ್ಯೆಗಳ ಲೆಕ್ಕದ ಲೈಬ್ರರಿ ನಂಪೈ 1.24 ಈ 3.12ರ ಮೇಲೆ ಏಳಲೇ ಇಲ್ಲ. ಅದನ್ನು ಕಟ್ಟಲು ಬೇಕಿದ್ದ ಡಿಸ್ಟ್‌ಯುಟಿಲ್ಸ್ ಎಂಬ ಭಾಗವನ್ನು 3.12ರಿಂದ ತೆಗೆದುಹಾಕಲಾಗಿದೆ, ನಂಪೈ 3.12ಕ್ಕೆ ಹೊಂದಿಕೊಂಡದ್ದು 1.26ರಿಂದ.

ಗೇಟಿನಲ್ಲಿ ಟ್ರ್ಯಾಕ್ಟರ್‌ಗಳು ಸಾಲಾಗಿ ನಿಂತಿದ್ದವು. ಆರ್ಚ್‌ನಲ್ಲಿ ಪ್ರೋಗ್ರಾಮ್‌ಗಳನ್ನು ಹಾಕುವ ಸಾಧನ ಪ್ಯಾಕ್‌ಮ್ಯಾನ್ ಉಳಿಸಿಕೊಂಡಿದ್ದ ಹಳೆಯ ಪ್ಯಾಕೇಜಿನಿಂದ ಪೈಥಾನನ್ನು 3.11ಕ್ಕೆ ಇಳಿಸಿ, ಮುಂದಿನ ಅಪ್‌ಡೇಟ್‌ನಲ್ಲಿ ಅದನ್ನು ಮುಟ್ಟಬಾರದೆಂದು ಸಂರಚನೆಯಲ್ಲಿ ಬರೆದೆ. ಬಿಲ್ ಬಂತು. ಆದರೆ ಮಧ್ಯಾಹ್ನ ಪ್ರಿಂಟರ್ ಸೆಟ್ಟಿಂಗ್‌ನ ಕಿಟಕಿ ತೆರೆಯಲಿಲ್ಲ. ಅದೂ ಪೈಥಾನ್‌ನಲ್ಲೇ ಬರೆದ ಪ್ರೋಗ್ರಾಮ್, ಅದರ ಭಾಗಗಳು ಆಗಲೇ 3.12ರ ಫೋಲ್ಡರಿಗೆ ಹೋಗಿದ್ದವು. ಅರ್ಧ ಹೊಸದು, ಅರ್ಧ ಹಳೆಯದು ಎಂಬ ಸ್ಥಿತಿಯನ್ನು ಆರ್ಚ್ ಬೆಂಬಲಿಸುವುದಿಲ್ಲ ಎಂದು ಅದರ ವಿಕಿಯಲ್ಲಿ ಓದಿದ್ದೆ, ಓದಿಯೂ ಮಾಡಿದ್ದೆ.

ಆ ರಾತ್ರಿ ವ್ಯವಸ್ಥೆಯ ಪೈಥಾನನ್ನು 3.12ಕ್ಕೇ ಮರಳಿಸಿ, ಬೇರೆ ಬೇರೆ ಪೈಥಾನ್ ಆವೃತ್ತಿಗಳನ್ನು ಹಾಕಿಕೊಡುವ ಪೈಎನ್‌ವ್ ಮೂಲಕ 3.11 ಅನ್ನು ಹೋಮ್ ಫೋಲ್ಡರಿನೊಳಗೆ ಕಂಪೈಲ್ ಮಾಡಿ (ಮೂಲ ಕೋಡ್‌ನಿಂದ ತಯಾರಿಸಿ), ಅದರ ಮೇಲೆ ಎನ್ವಿರಾನ್‌ಮೆಂಟನ್ನು ಹೊಸದಾಗಿ ಕಟ್ಟಿದೆ. ಲೈಬ್ರರಿಗಳ ಆವೃತ್ತಿಗಳನ್ನು ಮೊದಲೇ ಒಂದು ಪಟ್ಟಿಯಲ್ಲಿ ಬರೆದಿಟ್ಟಿದ್ದರಿಂದ ಆ ಕೆಲಸ ಬೇಗ ಮುಗಿಯಿತು.

ಇದರಲ್ಲೂ ಒಂದು ತೊಡಕಿದೆ. ಹೀಗೆ ಕಂಪೈಲ್ ಮಾಡಿದ ಪೈಥಾನ್ ಸುರಕ್ಷಿತ ಸಂಪರ್ಕಕ್ಕೆ ಬಳಸುವ ವ್ಯವಸ್ಥೆಯ ಲೈಬ್ರರಿ ಓಪನ್‌ಎಸ್‌ಎಸ್‌ಎಲ್‌ಗೆ ಕಟ್ಟಿಕೊಂಡಿರುತ್ತದೆ. 2022ರ ನವೆಂಬರಿನಲ್ಲಿ ಆರ್ಚ್ ಅದರ 1.1ನೇ ಆವೃತ್ತಿಯಿಂದ 3ಕ್ಕೆ ಹೋದಂತಹ ಬದಲಾವಣೆ ಮತ್ತೆ ಬಂದರೆ ಮತ್ತೆ ಕಂಪೈಲ್ ಮಾಡಬೇಕು. ಅದಕ್ಕಾಗಿ ಈಗ ಪೈಎನ್‌ವ್ ಬದಲು ಯುವಿ ಎಂಬ ಸಾಧನ ಬಳಸುತ್ತೇನೆ. ಅದು ಇಳಿಸಿಕೊಳ್ಳುವ ಸಿದ್ಧ ಪೈಥಾನ್ ತನ್ನ ಓಪನ್‌ಎಸ್‌ಎಸ್‌ಎಲ್ ಅನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ.

ಆರ್ಚ್‌ಗೆ 3.13 ಬಂದಾಗ ಗುಮಾಸ್ತರ ಫೋನ್ ಬರಲಿಲ್ಲ. 3.11ಕ್ಕೆ ಭದ್ರತಾ ತಿದ್ದುಪಡಿಗಳು ಸಿಗುವುದು 2027ರ ಅಕ್ಟೋಬರ್‌ವರೆಗೆ ಮಾತ್ರ. ಅಷ್ಟರೊಳಗೆ, ದ್ರಾಕ್ಷಿಯ ಹಂಗಾಮು ಇಲ್ಲದ ಮಳೆಗಾಲದಲ್ಲಿ, ಬಿಲ್ಲಿನ ಪ್ರೋಗ್ರಾಮನ್ನು ಹೊಸ ಪೈಥಾನ್ ಮೇಲೂ ನಡೆಯುವ ಪಾಂಡಾಸ್ 2ಕ್ಕೆ ಹೊಂದಿಸುವ ಕೆಲಸ ಬಾಕಿ ಇದೆ.