ಹೊಸ ಲ್ಯಾಪ್‌ಟಾಪ್‌ಗೆ ವಿಂಡೋಸ್ ಹೊಸದಾಗಿ ಹಾಕಿಕೊಂಡದ್ದು

ವಿಂಡೋಸ್ ಹಾಕುವುದು ಎಲ್ಲ ಸರಿಯಿದ್ದರೆ ಅರ್ಧ ಗಂಟೆಯ ಕೆಲಸ. ಅಳಿಸುವ ಮೊದಲು ಏನೇನು ಕೈಯಲ್ಲಿ ಇಟ್ಟುಕೊಂಡಿದ್ದೀರಿ ಅನ್ನುವುದರ ಮೇಲೆ ಅದು ಅರ್ಧ ಗಂಟೆಯೋ, ಇಡೀ ದಿನವೋ ಅಂತ ತೀರ್ಮಾನವಾಗುತ್ತದೆ.

ದಾವಣಗೆರೆಯ ಪಿ.ಬಿ. ರಸ್ತೆ ಹತ್ತಿರ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾರ್ಡು, ಕರಪತ್ರ, ಕಾಲೇಜು ಹುಡುಗರ ಪ್ರಾಜೆಕ್ಟ್ ರಿಪೋರ್ಟು, ಇಂಥವೇ ಕೆಲಸ. ಹಳೇ ಸಿಸ್ಟಮ್‌ನಲ್ಲಿ ವಿಂಡೋಸ್ 10 ಇತ್ತು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದರ ಸಪೋರ್ಟ್ ನಿಲ್ಲಿಸಿತು. ವಿಂಡೋಸ್ 11 ಹಾಕೋಣ ಅಂದರೆ ಟಿಪಿಎಂ 2.0 ಅನ್ನುವ ಸುರಕ್ಷತೆಯ ಚಿಪ್ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ಜನರೇಷನ್ ಮೇಲಿನ ಪ್ರೊಸೆಸರ್ ಬೇಕು. ನನ್ನದು ಅದಕ್ಕಿಂತ ಹಳೇದು. ಕೊನೆಗೆ ಲ್ಯಾಪ್‌ಟಾಪ್ ತಗೊಂಡೆ.

ಆನ್ ಮಾಡಿದರೆ ಮೂಲೆಯಲ್ಲಿ ಟ್ರಯಲ್ ಆಂಟಿವೈರಸ್‌ನ ಎಚ್ಚರಿಕೆ, ಯಾರೂ ಕೇಳದ ಗೇಮುಗಳು, ಕಂಪನಿಯದೇ ನಾಲ್ಕಾರು ಆ್ಯಪ್‌ಗಳು. ಒಂದೊಂದನ್ನೇ ತೆಗೆಯುತ್ತ ಕೂರುವುದಕ್ಕಿಂತ ಪೂರ್ತಿ ಅಳಿಸಿ ಹಾಕುವುದೇ ವಾಸಿ ಅನ್ನಿಸಿತು. ಮಾಡುವುದಿದ್ದರೆ ಇದನ್ನು ತಂದ ಹೊಸತರಲ್ಲೇ ಮಾಡಬೇಕು. ಕೆಲಸದ ಫೈಲುಗಳು ಒಳಗೆ ಸೇರಿದ ಮೇಲೆ ಯಾರಿಗೂ ಧೈರ್ಯ ಬರುವುದಿಲ್ಲ.

ಅಂಗಡಿಗೆ ಬಂದಿದ್ದ ಅಕ್ಕನ ಮಗ ಕೇಳಿದ: "ಮಾಮ, ವಿಂಡೋಸ್ ಅಳಿಸಿದ್ರೆ ಮತ್ತೆ ದುಡ್ಡು ಕೊಟ್ಟು ತಗೋಬೇಕಲ್ವಾ?"

"ಇಲ್ಲ ಕಣೋ, ಲೈಸೆನ್ಸ್ ಕೀ ಮದರ್‌ಬೋರ್ಡ್‌ನಲ್ಲೇ ಇರುತ್ತೆ" ಅಂದೆ.

ವಿಂಡೋಸ್ ಸಮೇತ ಬರುವ ಲ್ಯಾಪ್‌ಟಾಪ್‌ಗಳಲ್ಲಿ ಕೀಯನ್ನು ಕಂಪನಿಯವರೇ ಮದರ್‌ಬೋರ್ಡ್‌ನ ಫರ್ಮ್‌ವೇರ್‌ನಲ್ಲಿ ಕೂರಿಸಿರುತ್ತಾರೆ. ಅದೇ ಎಡಿಷನ್ (ಹೋಮ್ ಅಥವಾ ಪ್ರೊ) ಮತ್ತೆ ಹಾಕಿದರೆ ಇನ್‌ಸ್ಟಾಲರ್ ಅದನ್ನು ತಾನೇ ಓದಿಕೊಳ್ಳುತ್ತದೆ. ನೆಟ್ ಸಿಕ್ಕಿದ ಮೇಲೆ ಆ್ಯಕ್ಟಿವೇಟ್ ಆಗುತ್ತದೆ. ಆದರೆ ಡಾಸ್ ಲ್ಯಾಪ್‌ಟಾಪ್, ಅಂದರೆ ವಿಂಡೋಸ್ ಇಲ್ಲದೆ ಮಾರುವ ಲ್ಯಾಪ್‌ಟಾಪ್ ತಂದು ಅಂಗಡಿಯಲ್ಲಿ ಸುಮ್ನೆ ಯಾವುದೋ ವಿಂಡೋಸ್ ಹಾಕಿಸಿಕೊಂಡವರಿಗೆ ಈ ಮಾತು ಅನ್ವಯಿಸುವುದಿಲ್ಲ. ಅವರ ಮದರ್‌ಬೋರ್ಡ್‌ನಲ್ಲಿ ಕೀ ಇರುವುದೇ ಇಲ್ಲ. ಅದಕ್ಕೇ ನಾನು ಮೊದಲು ಸೆಟ್ಟಿಂಗ್ಸ್‌ನ ಆ್ಯಕ್ಟಿವೇಷನ್ ಪುಟ ನೋಡಿದೆ. ಡಿಜಿಟಲ್ ಲೈಸೆನ್ಸ್ ಅಂತ ಇತ್ತು. ಹೋಮ್ ಎಡಿಷನ್ ಅನ್ನುವುದನ್ನೂ ಬರೆದುಕೊಂಡೆ.

ಲ್ಯಾಪ್‌ಟಾಪ್ ಜೊತೆಗೆ ಎಂಎಸ್ ಆಫೀಸ್ ಬಂದಿದ್ದರೆ ಎಲ್ಲ ಅಳಿಸುವ ಮೊದಲೇ ಅದನ್ನು ಒಮ್ಮೆ ತೆರೆದು, ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿಗೆ ಸೇರಿಸಿಕೊಳ್ಳಿ. ಸೇರಿದ ಮೇಲೆ ಅಕೌಂಟಿನಿಂದಲೇ ಮತ್ತೆ ಇಳಿಸಿಕೊಳ್ಳಬಹುದು.

ಇನ್ನು ವಿಂಡೋಸ್ ಹಾಕಲು ಬೇಕಾದ ಪೆನ್‌ಡ್ರೈವ್. ಅದನ್ನು ಮಾಡಿಕೊಡುವ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್‌ಗೆ ಕನಿಷ್ಠ 8 ಜಿಬಿಯದು ಬೇಕು, ಅದರಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ. ಅದು ರೆಡಿಯಾದ ಮೇಲೆ ಅದರಲ್ಲೇ ಒಂದು ಫೋಲ್ಡರ್ ಮಾಡಿ, ನನ್ನ ಮಾಡೆಲ್ ನಂಬರಿನ ವೈಫೈ ಡ್ರೈವರ್ (ವೈಫೈ ನಡೆಸಲು ವಿಂಡೋಸ್‌ಗೆ ಬೇಕಾದ ಸಾಫ್ಟ್‌ವೇರ್) ಮತ್ತು ಸ್ಟೋರೇಜ್ ಡ್ರೈವರ್ (ಡಿಸ್ಕಿಗೆ ಬೇಕಾದದ್ದು) ಹಾಕಿಕೊಂಡೆ. ಈ ಎರಡನೆಯದನ್ನು ಯಾರೂ ಹೇಳುವುದಿಲ್ಲ. ಇಂಟೆಲ್ 11ನೇ ಜನರೇಷನ್‌ನಿಂದ ಈಚೆಗೆ ಬಹಳ ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಅನ್ನುವ ವ್ಯವಸ್ಥೆ ಆನ್ ಆಗಿರುತ್ತದೆ. ಲ್ಯಾಪ್‌ಟಾಪ್‌ನ ಡಿಸ್ಕ್ ಆದ ಎಸ್‌ಎಸ್‌ಡಿ ಅದರ ಹಿಂದೆ ಕೂತಿರುತ್ತದೆ. ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಇಲ್ಲದಿದ್ದರೆ ಇನ್‌ಸ್ಟಾಲರ್ ಕಣ್ಣಿಗೆ ಡಿಸ್ಕೇ ಬೀಳುವುದಿಲ್ಲ. ಡ್ರೈವರ್‌ನ ಸೆಟಪ್ ಫೈಲನ್ನು ಹಾಗೇ ಇಟ್ಟುಕೊಂಡರೆ ಪ್ರಯೋಜನವಿಲ್ಲ. ಬಿಡಿಸಿ, ಒಳಗಿನ ಐಎನ್‌ಎಫ್ ಫೈಲುಗಳಿರುವ ಫೋಲ್ಡರನ್ನೇ ಇಡಬೇಕು.

ಚಾರ್ಜರ್ ಹಾಕಿಕೊಂಡೇ ಕೂತೆ. ಪೆನ್‌ಡ್ರೈವ್‌ನಿಂದ ಲ್ಯಾಪ್‌ಟಾಪ್ ಶುರು ಮಾಡಲು ಬೇಕಾದ ಬೂಟ್ ಮೆನುವಿಗೆ ಒಂದೊಂದು ಕಂಪನಿಯದು ಒಂದೊಂದು ಕೀ. ಡೆಲ್, ಲೆನೊವೊ ಆದರೆ ಎಫ್12, ಎಚ್‌ಪಿಗೆ ಎಫ್9, ಏಸಸ್‌ಗೆ ಎಸ್ಕೇಪ್. ಸೆಕ್ಯೂರ್ ಬೂಟ್ (ನಂಬಿಕೆಯ ಸಾಫ್ಟ್‌ವೇರ್‌ನಿಂದ ಮಾತ್ರ ಶುರುವಾಗಲು ಬಿಡುವ ಕಾವಲು) ಆಫ್ ಮಾಡಿ ಅಂತ ಕೆಲವರು ಹೇಳುತ್ತಾರೆ. ಈ ಟೂಲ್‌ನಿಂದ ಮಾಡಿದ ಪೆನ್‌ಡ್ರೈವ್‌ಗೆ ಅದರ ಅಗತ್ಯವಿಲ್ಲ.

ವಿಂಡೋಸ್ ಎಲ್ಲಿ ಹಾಕಲಿ ಅಂತ ಕೇಳುವ ಪುಟ ಬಂತು. ನನ್ನ ಪೆನ್‌ಡ್ರೈವ್ ಒಂದು ಬಿಟ್ಟರೆ ಪಟ್ಟಿಯಲ್ಲಿ ಏನೂ ಇಲ್ಲ! ಅಕ್ಕನ ಮಗ ನನ್ನ ಮುಖ ನೋಡಿದ. 'ಲೋಡ್ ಡ್ರೈವರ್' ಒತ್ತಿ ಆ ಫೋಲ್ಡರ್ ತೋರಿಸಿದೆ. ಕ್ಷಣ ಬಿಟ್ಟು ಎಸ್‌ಎಸ್‌ಡಿಯ ಪಾರ್ಟಿಷನ್‌ಗಳು, ಅಂದರೆ ಡಿಸ್ಕಿನ ಭಾಗಗಳು, ಸಾಲಾಗಿ ಬಂದವು. ಅವುಗಳಲ್ಲಿ ಲ್ಯಾಪ್‌ಟಾಪನ್ನು ಕಂಪನಿ ಕೊಟ್ಟ ಸ್ಥಿತಿಗೆ ಮತ್ತೆ ತರುವ ರಿಕವರಿಯೂ ಇತ್ತು. ಅದರ ಕಾಪಿಯನ್ನು ಮೊದಲೇ ಬೇರೆ 32 ಜಿಬಿ ಪೆನ್‌ಡ್ರೈವ್‌ಗೆ ತೆಗೆದಿಟ್ಟಿದ್ದರಿಂದ ಎಲ್ಲವನ್ನೂ ಡಿಲೀಟ್ ಮಾಡಿದೆ. ಉಳಿದದ್ದು ಒಂದೇ ಸಾಲು, 476.9 ಜಿಬಿ ಖಾಲಿ ಜಾಗ. "ಬಾಕ್ಸ್ ಮೇಲೆ 512 ಅಂತಿದೆಯಲ್ಲ ಮಾಮ?" ಅಂದ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ, ಮೋಸ ಏನಿಲ್ಲ. ಆ ಖಾಲಿ ಜಾಗವನ್ನು ಆರಿಸಿ ಮುಂದೆ ಹೋದರೆ ಬೇಕಾದ ಪಾರ್ಟಿಷನ್‌ಗಳನ್ನು ಅದೇ ಮಾಡಿಕೊಳ್ಳುತ್ತದೆ. ಎಚ್ಚರ ಇರಬೇಕಾದದ್ದು ಒಂದೇ, ಪೆನ್‌ಡ್ರೈವ್‌ನ ಸಾಲನ್ನು ಮುಟ್ಟಬಾರದು.

ನೆಟ್ ಕೇಳುವ ಪುಟದಲ್ಲಿ ವೈಫೈ ಕಾಣಲಿಲ್ಲ. ಮೊಬೈಲನ್ನು ಕೇಬಲ್‌ನಿಂದ ಸೇರಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದೆ, ಮುಂದೆ ಹೋಯಿತು. ಆಮೇಲೆ ವೈಫೈ ಡ್ರೈವರ್ ಹಾಕಿಕೊಂಡು ವಿಂಡೋಸ್ ಅಪ್‌ಡೇಟ್‌ಗೆ ಬಿಟ್ಟೆ. ಮಿಕ್ಕ ಡ್ರೈವರ್‌ಗಳು ಬಹುಪಾಲು ಅದರಲ್ಲೇ ಬಂದವು. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ಉಳಿದದ್ದಕ್ಕೆ ಮಾತ್ರ ಕಂಪನಿಯ ಸೈಟಿನಿಂದ ತಂದೆ.

ಮೈಕ್ರೋಸಾಫ್ಟ್ ಅಕೌಂಟಿನಿಂದ ಒಳಗೆ ಹೋದರೆ ಈಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್ ತಾನಾಗಿಯೇ ಎನ್‌ಕ್ರಿಪ್ಟ್ ಆಗುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದಂತೆ ಬೀಗ ಬೀಳುತ್ತದೆ. ಅದರ 48 ಅಂಕಿಯ ರಿಕವರಿ ಕೀ ಅಕೌಂಟಿನಲ್ಲಿರುತ್ತದೆ. ಅದರ ಪ್ರಿಂಟ್ ತೆಗೆದು ಮನೆಯ ಬೀರುವಿನಲ್ಲಿ, ಲ್ಯಾಪ್‌ಟಾಪ್ ಬಿಲ್ ಜೊತೆ ಇಟ್ಟಿದ್ದೇನೆ.

ಕೊನೆಗೆ ಕನ್ನಡ. ವಿಂಡೋಸ್‌ನಲ್ಲಿ ನಿರ್ಮಲಾ ಫಾಂಟ್ ಇದ್ದೇ ಇರುತ್ತದೆ. ತುಂಗಾ ಬೇಕಾದರೆ ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡದ ಹೆಚ್ಚುವರಿ ಫಾಂಟ್‌ಗಳನ್ನು ಸೇರಿಸಿಕೊಳ್ಳಬೇಕು. ಅಕ್ಕನ ಮಗನಿಗೆ ಅದರಲ್ಲೇ ಇರುವ ಫೋನೆಟಿಕ್ ಕೀಬೋರ್ಡ್ ಸಾಕು. ನನ್ನ ಬೆರಳಿಗೆ ನುಡಿ ತಂತ್ರಾಂಶದ ಕೀಬೋರ್ಡೇ ಆಗಬೇಕು. ಅಲ್ಲದೆ ನಮ್ಮ ಗಿರಾಕಿಗಳ ಹಳೇ ಫೈಲುಗಳೆಲ್ಲ ಯೂನಿಕೋಡ್ ಅಲ್ಲದ ನುಡಿ ಫಾಂಟ್‌ಗಳಲ್ಲಿವೆ. ಆ ಫಾಂಟ್ ಇಲ್ಲದೆ ತೆರೆದರೆ ಲಗ್ನಪತ್ರಿಕೆ ತುಂಬ ಇಂಗ್ಲಿಷ್ ಚಿಹ್ನೆಗಳೇ. ಹಳೇ ಸಿಸ್ಟಮ್‌ನ ಫಾಂಟ್ ಫೋಲ್ಡರ್ ಪೂರ್ತಿ ಕಾಪಿ ಮಾಡಿ ತಂದಿದ್ದೆ. ಸೆಲೆಕ್ಟ್ ಮಾಡಿ ಇನ್‌ಸ್ಟಾಲ್ ಕೊಟ್ಟು, ಅವತ್ತೇ ಬಾಕಿ ಇದ್ದ ಗೃಹಪ್ರವೇಶದ ಕಾರ್ಡು ಮುಗಿಸಿ ಕೊಟ್ಟೆ.