ಸುಮ್ಮನೆ ಬಿಟ್ಟಾಗ ಹ್ಯಾಂಗ್ ಆಗುವ ಪಿಸಿ: ನಾನು ಸರಿಪಡಿಸಿದ ಬಗೆ

ಗೇಮ್ ಆಡುವಾಗ ಹ್ಯಾಂಗ್ ಆದರೆ ದಾರಿ ಎಲ್ಲರಿಗೂ ಗೊತ್ತು. ಬಿಸಿ ನೋಡುತ್ತಾರೆ, ಗ್ರಾಫಿಕ್ಸ್ ಕಾರ್ಡ್ ನೋಡುತ್ತಾರೆ, ವ್ಯಾಟ್ ಲೆಕ್ಕ ಹಾಕುತ್ತಾರೆ. ಈ ಮೆಷೀನ್ ಹಾಗಿರಲಿಲ್ಲ. ನಾಲ್ಕು ಗಂಟೆ ಸ್ಟ್ರೆಸ್ ಟೆಸ್ಟ್ ಹಾಕಿ ದುಡಿಸಿದರೂ ಹ್ಯಾಂಗ್ ಆಗುತ್ತಿರಲಿಲ್ಲ. ಒಂದು ಪಿಡಿಎಫ್ ತೆರೆದಿಟ್ಟು ಎದ್ದು ಹೋದರೆ, ವಾಪಸ್ ಬರುವಷ್ಟರಲ್ಲಿ ಪರದೆ ಮೇಲಿನ ಗಡಿಯಾರ ನಿಂತಿರುತ್ತಿತ್ತು. ನೋಡಿದವರೆಲ್ಲ ಮದರ್‌ಬೋರ್ಡ್ ಹೋಗಿದೆ, ಪ್ರೊಸೆಸರ್ ಸಮೇತ ಬದಲಿಸಿ ಎಂದರು. ಇವತ್ತಿಗೂ ಅದೇ ಬೋರ್ಡ್, ಅದೇ ಪ್ರೊಸೆಸರ್. ಹ್ಯಾಂಗ್ ನಿಂತು ಎರಡೂವರೆ ತಿಂಗಳಾಯಿತು.

ಮೊದಲು ದುಡ್ಡು ಹೋದ ಲೆಕ್ಕ. ವಿಂಡೋಸ್ ಹೊಸದಾಗಿ ಹಾಕಿದ್ದಕ್ಕೆ ಒಂದಿಡೀ ದಿನ ಹೋಯಿತು, ಫಲ ಏನೂ ಇಲ್ಲ. 16 ಜಿಬಿ ರ‍್ಯಾಮ್‌ಗೆ ಮೆಮ್‌ಟೆಸ್ಟ್ ಎಂಬ ಪರೀಕ್ಷೆ ನಾಲ್ಕು ಸುತ್ತು ಓಡಿಸಿದೆ, ಸುಮಾರು ಆರು ಗಂಟೆ ಹಿಡಿಯಿತು, ಒಂದೂ ಎರರ್ ಬರಲಿಲ್ಲ. ಎಕ್ಸ್‌ಎಂಪಿ ಎಂಬ ವೇಗ ಹೆಚ್ಚಿಸುವ ಸೆಟ್ಟಿಂಗ್ ತೆಗೆದು ಮೆಮೊರಿ ವೇಗವನ್ನು 3200ರಿಂದ 2133ಕ್ಕೆ ಇಳಿಸಿದರೂ ಹ್ಯಾಂಗ್ ಹಾಗೇ ಇತ್ತು. ಇಷ್ಟಾದ ಮೇಲೂ ಹೊಸ ರ‍್ಯಾಮ್ ಜೋಡಿ ಕೊಂಡದ್ದು ಇಡೀ ಕೆಲಸದಲ್ಲಿ ಅತಿ ದೊಡ್ಡ ನಷ್ಟ. ಕೊನೆಗೆ ಕಾಯಿಲೆ ವಾಸಿ ಮಾಡಿದ ಭಾಗಕ್ಕಿಂತ ಅದರ ಬೆಲೆಯೇ ಜಾಸ್ತಿ. ಥರ್ಮಲ್ ಪೇಸ್ಟ್ ಬದಲಿಸಿದ್ದರಿಂದ ಲೋಡ್‌ನಲ್ಲಿ 82 ಡಿಗ್ರಿ ಇದ್ದದ್ದು 71ಕ್ಕೆ ಇಳಿಯಿತು. ಒಳ್ಳೆಯದೇ, ಆದರೆ ಹ್ಯಾಂಗ್‌ಗೂ ಅದಕ್ಕೂ ಸಂಬಂಧವಿಲ್ಲ. 45 ಡಿಗ್ರಿಯಲ್ಲಿ ನಿಲ್ಲುವ ಮೆಷೀನಿಗೆ ಪೇಸ್ಟ್ ಏನು ಮಾಡೀತು?

ದಾರಿ ತೆರೆದದ್ದು ನೋಟ್‌ಬುಕ್ ಇಟ್ಟ ಮೇಲೆ. ಪ್ರತಿ ಹ್ಯಾಂಗ್‌ಗೂ ಒಂದು ಸಾಲು: ಎಷ್ಟು ಗಂಟೆಗೆ, ಬೂಟ್ ಆಗಿ ಎಷ್ಟು ಹೊತ್ತಿಗೆ, ಏನು ಓಡುತ್ತಿತ್ತು, ಕ್ಯಾಪ್ಸ್ ಲಾಕ್ ಒತ್ತಿದರೆ ದೀಪ ಬದಲಾಯಿತೇ ಇಲ್ಲವೇ. ಈ ಕೊನೆಯದು ಕಡ್ಡಾಯ. ದೀಪ ಬದಲಾದರೆ ವಿಂಡೋಸ್‌ಗೆ ಒಳಗೆ ಇನ್ನೂ ಜೀವ ಇದೆ, ಡಿಸ್ಕ್ ಅಥವಾ ಗ್ರಾಫಿಕ್ಸ್ ಕಡೆ ಹುಡುಕಬೇಕು. ಬದಲಾಗದಿದ್ದರೆ ಇಡೀ ಮೆಷೀನೇ ನಿಂತಿದೆ.

ಸುಮಾರು ಮೂರು ವಾರದಲ್ಲಿ ಮೂವತ್ತರ ಹತ್ತಿರ ಸಾಲುಗಳಾದವು. ಓದಿ ನೋಡಿದರೆ ಇದ್ದದ್ದು ಒಂದು ಕಾಯಿಲೆಯಲ್ಲ, ಎರಡು. ಏಳೆಂಟು ಸಲ ಅರ್ಧ ನಿಮಿಷ ನಿಂತು ತಾನೇ ಎದ್ದುಕೊಂಡಿತ್ತು, ಕ್ಯಾಪ್ಸ್ ಲಾಕ್ ದೀಪವೂ ಉತ್ತರ ಕೊಟ್ಟಿತ್ತು. ಉಳಿದೆಲ್ಲ ಸಲ ಪವರ್ ಗುಂಡಿ ಒತ್ತಿ ಹಿಡಿಯದೆ ಬೇರೆ ದಾರಿ ಇರಲಿಲ್ಲ. ಎರಡನ್ನೂ ಒಂದೇ ಎಂದುಕೊಂಡು ಹುಡುಕುತ್ತಿದ್ದುದರಿಂದಲೇ ಅಷ್ಟು ದಿನ ಏನೂ ತಾಳೆಯಾಗಿರಲಿಲ್ಲ.

ಸಣ್ಣದು ಬೇಗ ಮುಗಿಯಿತು. ವಿಂಡೋಸ್ ತನ್ನ ಲಾಗ್ ತೋರಿಸುವ ಈವೆಂಟ್ ವ್ಯೂಯರ್‌ನಲ್ಲಿ ಅದೇ ಹೊತ್ತಿಗೆ ಈವೆಂಟ್ 129 ಇತ್ತು, ಅಂದರೆ ಡಿಸ್ಕ್ ಉತ್ತರ ಕೊಡದೆ ರೀಸೆಟ್ ಆಗಿದೆ. ಹಾರ್ಡ್ ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ದಾಖಲಿಸುವ ಸ್ಮಾರ್ಟ್ ರೀಡಿಂಗ್‌ನಲ್ಲಿ 05 ಮತ್ತು ಸಿ5 ಎಂಬ ಎಣಿಕೆಗಳು ಸೊನ್ನೆ, ಸಿ7 ಮಾತ್ರ ಇನ್ನೂರರ ಮೇಲೆ. ಮೊದಲೆರಡು ಡಿಸ್ಕಿನ ತಟ್ಟೆಯ ಕಥೆ ಹೇಳುತ್ತವೆ. ಸಿ7 ಹೇಳುವುದು ಡಿಸ್ಕ್ ಮತ್ತು ಬೋರ್ಡ್ ನಡುವಿನ ದಾರಿಯಲ್ಲಿ ಡೇಟಾ ಕೆಟ್ಟ ಕಥೆ. ಎರಡನ್ನೂ ಜೋಡಿಸುವ ಸಾಟಾ ಕೇಬಲ್ ಬದಲಿಸಿದೆ. ಕೇಬಲ್ ಬದಲಿಸಿದರೂ ಸಿ7 ಇಳಿಯುವುದಿಲ್ಲ ಎಂಬುದು ನೆನಪಿರಲಿ, ಆ ಎಣಿಕೆ ಹಿಂದಕ್ಕೆ ಹೋಗುವುದೇ ಇಲ್ಲ. ಏರದೆ ನಿಂತರೆ ಸಾಕು.

ದೊಡ್ಡ ಹ್ಯಾಂಗ್‌ಗೆ ಲಾಗ್‌ನಲ್ಲಿ ಸಿಕ್ಕಿದ್ದು ಈವೆಂಟ್ 41, ಕರ್ನಲ್ ಪವರ್, ಬಗ್‌ಚೆಕ್ ಕೋಡ್ ಸೊನ್ನೆ, ಅಂದರೆ ವಿಂಡೋಸ್ ಯಾವ ದೋಷವನ್ನೂ ದಾಖಲಿಸಿಲ್ಲ. ಹೆಸರಲ್ಲಿ ಪವರ್ ಇದೆ ಎಂದು ಇದನ್ನು ನೋಡಿಯೇ ಪವರ್ ಸಪ್ಲೈ ಕೊಳ್ಳುವವರಿದ್ದಾರೆ. ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂದಷ್ಟೇ ಅದರ ಅರ್ಥ. ಗುಂಡಿ ಒತ್ತಿ ಹಿಡಿದು ಆರಿಸಿದರೂ ಅದೇ 41 ಬರುತ್ತದೆ.

ಸುಳಿವು ಬಂದದ್ದು ಬೇರೆ ಕಡೆಯಿಂದ. ವೋಲ್ಟೇಜ್ ನೋಡಲೆಂದು ಸೆನ್ಸಾರ್ ಸಾಫ್ಟ್‌ವೇರನ್ನು ಅರ್ಧ ಸೆಕೆಂಡಿಗೊಮ್ಮೆ ಓದುವಂತೆ ಇಟ್ಟಿದ್ದ ದಿನಗಳಲ್ಲಿ ಹ್ಯಾಂಗ್ ವಿರಳವಾಯಿತು. ಮುಚ್ಚಿದರೆ ಮತ್ತೆ ಶುರು. ಅಂದರೆ ಪ್ರೊಸೆಸರ್‌ಗೆ ಗಾಢ ನಿದ್ದೆಗೆ ಜಾರಲು ಬಿಡದಿದ್ದರೆ ಮೆಷೀನ್ ಬದುಕುತ್ತದೆ. ಸಿ6 ಸ್ಟೇಟ್ ಎಂಬ ಆ ಗಾಢ ನಿದ್ದೆಗೆ ಹೋದ ಪ್ರೊಸೆಸರ್ 12 ವೋಲ್ಟ್ ಲೈನಿನಿಂದ ಎಳೆಯುವ ಕರೆಂಟ್ ತೀರಾ ಕಡಿಮೆ. 2013ರಲ್ಲಿ ಇಂಟೆಲ್‌ನ ಹ್ಯಾಸ್ವೆಲ್ ಪ್ರೊಸೆಸರ್ ಬಂದಾಗಲೇ ಈ ವಿಷಯ ಚರ್ಚೆಯಾಗಿತ್ತು: ಆ ಲೈನಿನ ಕನಿಷ್ಠ ಲೋಡ್ 0.5 ಆಂಪ್‌ನಿಂದ 0.05 ಆಂಪ್‌ಗೆ ಇಳಿದಿತ್ತು. ಈ ಮೆಷೀನಿನಲ್ಲಿದ್ದದ್ದು ಅದಕ್ಕಿಂತ ಹಳೇ ಡಿಸೈನಿನ ಪವರ್ ಸಪ್ಲೈ. 12 ಮತ್ತು 5 ವೋಲ್ಟ್ ಎರಡನ್ನೂ ಒಟ್ಟಿಗೆ ನಿಯಂತ್ರಿಸುವ ಜಾತಿಯದು. 12ರ ಕಡೆ ಲೋಡ್ ಇಲ್ಲದಾಗ ಅದು ಮೇಲೇರುತ್ತದೆ, 5 ಕುಸಿಯುತ್ತದೆ. ಪವರ್ ಸಪ್ಲೈನಿಂದ ಬರುವ ಮೋಲೆಕ್ಸ್ ಕನೆಕ್ಟರ್‌ನ ಹಳದಿ ತಂತಿಯಲ್ಲಿ ಮೀಟರ್ 12.4ರ ಆಸುಪಾಸು ತೋರಿಸಿತು, ಕೆಂಪಿನಲ್ಲಿ 4.9ಕ್ಕಿಂತ ತುಸು ಕಡಿಮೆ. ಎರಡೂ ಶೇ. 5ರ ಮಿತಿಯೊಳಗೇ ಇದ್ದವು, ಹಾಗಾಗಿ ಮೊದಲ ಸಲ ಪಾಸ್ ಎಂದು ಬರೆದು ಮುಂದೆ ಹೋಗಿದ್ದೆ. ಮಲ್ಟಿಮೀಟರ್ ತೋರಿಸುವುದು ಸರಾಸರಿ. ಮಿಲಿಸೆಕೆಂಡ್ ಹೊತ್ತಿನ ಕುಸಿತ ಅದಕ್ಕೆ ಕಾಣುವುದೇ ಇಲ್ಲ.

ಖಾತ್ರಿಗೆ, 12ರ ಲೈನಿಗೆ ಸದಾ ಲೋಡ್ ಇರುವಂತೆ ಒಂದು ಪ್ರಯೋಗ ಮಾಡಿದೆ. ಕಾರಿನ ಇಂಡಿಕೇಟರ್ ಬಲ್ಬ್, 12 ವೋಲ್ಟ್ 21 ವ್ಯಾಟ್‌ನದು, ಹಳದಿ ಮತ್ತು ಕಪ್ಪು ತಂತಿಗಳ ನಡುವೆ ಕಟ್ಟಿದೆ. ಒಂದೂ ಮುಕ್ಕಾಲು ಆಂಪ್ ಎಳೆಯುತ್ತದೆ. ಬಲ್ಬ್ ಕೈಸುಡುವಷ್ಟು ಕಾಯುತ್ತದೆ, ಕ್ಯಾಬಿನೆಟ್ ಹೊರಗೆ ಹೆಂಚಿನ ತುಂಡಿನ ಮೇಲಿಟ್ಟೆ. ಬಿಐಒಎಸ್‌ನಲ್ಲಿ, ಅಂದರೆ ಬೋರ್ಡಿನ ಮೂಲ ಸೆಟ್ಟಿಂಗ್‌ಗಳಲ್ಲಿ, ಏನೂ ಮುಟ್ಟಲಿಲ್ಲ. ಹ್ಯಾಂಗ್ ನಿಂತಿತು! ಬಲ್ಬ್ ತೆಗೆದ ರಾತ್ರಿಯೇ ಮತ್ತೆ ಆಯಿತು.

ನಿಂತಿತು ಎಂದು ಹೇಳಲೂ ಒಂದು ಲೆಕ್ಕ ಬೇಕು. ಖಾಲಿ ಬಿಟ್ಟಾಗ ಸರಾಸರಿ 9 ಗಂಟೆಗೊಂದು ಹ್ಯಾಂಗ್ ಆಗುತ್ತಿತ್ತು. ಆ ಸರಾಸರಿಯ ಮೂರು ಪಟ್ಟು, ಅಂದರೆ 27 ಗಂಟೆ ಖಾಲಿ ಬಿಟ್ಟೂ ಹ್ಯಾಂಗ್ ಆಗದಿದ್ದರೆ ಮಾತ್ರ ಆ ಬದಲಾವಣೆಗೆ ಟಿಕ್. ಏನೂ ಸರಿಹೋಗದೆಯೂ ಅದೃಷ್ಟದಿಂದ ಅಷ್ಟು ಹೊತ್ತು ನಡೆಯುವ ಸಾಧ್ಯತೆ ನೂರಕ್ಕೆ ಐದು. ಒಂದು ಸಂಜೆ ಚೆನ್ನಾಗಿ ನಡೆದರೆ ರಿಪೇರಿ ಆಯಿತು ಎನ್ನುವವರು ಈ ಕಾಯುವಿಕೆಯನ್ನು ಒಪ್ಪುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ, ಮೂರು ಪಟ್ಟು ಕಾಯುವುದು. ಈ ಪಟ್ಟು ಹಿಡಿದದ್ದಕ್ಕೇ ಬೋರ್ಡ್ ದುಡ್ಡು ಉಳಿಯಿತು ಎಂದು ಧೈರ್ಯವಾಗಿ ಹೇಳುತ್ತೇನೆ. 

ಬಲ್ಬ್ ಬದಿಗಿಟ್ಟು ಬಿಐಒಎಸ್‌ಗೆ ಹೋದೆ. ಪವರ್ ಸಪ್ಲೈ ಐಡಲ್ ಕಂಟ್ರೋಲ್ ಎಂಬುದನ್ನು ಆಟೋದಿಂದ ಟಿಪಿಕಲ್ ಕರೆಂಟ್ ಐಡಲ್‌ಗೆ ಹಾಕಿದೆ, ಖಾಲಿ ಇರುವಾಗಲೂ ಕರೆಂಟ್ ತೀರಾ ಇಳಿಯದಂತೆ. ಇದು ಎಲ್ಲ ಬೋರ್ಡ್‌ನಲ್ಲೂ ಇರುವುದಿಲ್ಲ, ಇಲ್ಲದಿದ್ದರೆ ಗ್ಲೋಬಲ್ ಸಿ ಸ್ಟೇಟ್ ಕಂಟ್ರೋಲ್ ಡಿಸೇಬಲ್ ಮಾಡಬಹುದು. ಗೋಡೆಯ ವ್ಯಾಟ್ ಮೀಟರ್‌ನಲ್ಲಿ ಖಾಲಿ ಇರುವಾಗಿನ ಬಳಕೆ ಐದಾರು ವ್ಯಾಟ್ ಏರಿತು, ಅಷ್ಟೇ. ನಾಲ್ಕು ದಿನ ಒಂದೂ ಹ್ಯಾಂಗ್ ಇಲ್ಲ. ಐದನೇ ದಿನ ಬೆಳಿಗ್ಗೆ ಆನ್ ಮಾಡಿದ ಎರಡು ಗಂಟೆಗೆ ಮತ್ತೆ ನಿಂತಿತು. ಆಗಲೇ ಹೇಳಿದ್ದೆವಲ್ಲ, ಬೋರ್ಡೇ ಎಂದು ಮೊದಲು ನೋಡಿದವರ ಮಾತು ಮತ್ತೆ ಶುರುವಾಯಿತು.

ಬಿಐಒಎಸ್ ತೆರೆದರೆ ತಾರೀಕು ವರ್ಷಗಟ್ಟಲೆ ಹಿಂದೆ ಹೋಗಿತ್ತು, ಸೆಟ್ಟಿಂಗ್ ಪುನಃ ಆಟೋ ಆಗಿತ್ತು. ರಾತ್ರಿ ಗೋಡೆಯ ಸ್ವಿಚ್ ಆರಿಸಿದ್ದೆ. ಈ ಸೆಟ್ಟಿಂಗ್‌ಗಳನ್ನು ಉಳಿಸಿಡುವ, ಬೋರ್ಡ್ ಮೇಲಿನ ಸಿಆರ್2032 ಸೆಲ್ ಬಿಚ್ಚಿ ಅಳೆದರೆ 2.5 ವೋಲ್ಟ್, ಇರಬೇಕಾದದ್ದು 3. ಸೆಲ್ ಬದಲಿಸಿ ಸೆಟ್ಟಿಂಗ್ ಮತ್ತೆ ಹಾಕಿದ ಮೇಲೆ ಎರಡು ವಾರ ಹ್ಯಾಂಗ್ ಇಲ್ಲ.

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಸೆಟ್ಟಿಂಗ್ ಕಾಯಿಲೆಯನ್ನು ಮುಚ್ಚುತ್ತದೆ, ತೆಗೆಯುವುದಿಲ್ಲ. ಡಿಸಿ ಟು ಡಿಸಿ ಇರುವ, ಅಂದರೆ 12ರಿಂದಲೇ 5 ಮತ್ತು 3.3 ಅನ್ನು ಬೇರೆಯಾಗಿ ತಯಾರಿಸುವ 550 ವ್ಯಾಟ್‌ನ ಪವರ್ ಸಪ್ಲೈ ಹಾಕಿದೆ. ಬೋರ್ಡು ಪ್ರೊಸೆಸರ್ ಎರಡಕ್ಕೂ ಹೇಳಿದ್ದ ಮೊತ್ತದ ಐದನೇ ಒಂದು ಭಾಗವೂ ಆಗಲಿಲ್ಲ. ಹಳೆಯದನ್ನು ಬಿಚ್ಚಿ ಕೆಪಾಸಿಟರ್ ಬದಲಿಸುವ ಆಸೆ ಬಂದರೆ ತಡೆದುಕೊಳ್ಳಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಮೇಲೆ ಉಳಿದಿರಬಹುದು.

ಈಗ ಐಡಲ್ ಕಂಟ್ರೋಲ್ ಆಟೋದಲ್ಲೇ ಇದೆ, ಎಕ್ಸ್‌ಎಂಪಿ ವಾಪಸ್ 3200ಕ್ಕೆ ಬಂದಿದೆ. ಖಾಲಿ ಇರುವಾಗ 12 ವೋಲ್ಟ್ ಲೈನ್ 12.1ರಿಂದ ಕದಲುವುದಿಲ್ಲ. ಸಿ7 ಎಣಿಕೆ ಕೇಬಲ್ ಬದಲಿಸಿದ ದಿನ ಎಷ್ಟಿತ್ತೋ ಅಷ್ಟೇ ಇದೆ.