ತೊಗರಿ ಬಿಲ್ಲಿನ ಪ್ಲಸ್, ಬ್ರ್ಯಾಕೆಟ್ ಮತ್ತು ರೆಜೆಕ್ಸ್: ನನ್ನ ಅನುಭವ

ಕೆಲಸ ಇಷ್ಟೇ. ಕಲಬುರಗಿಯ ಒಂದು ದಾಲ್ ಮಿಲ್ಲಿನ ಹಳೆ ಬಿಲ್ಲುಗಳಲ್ಲಿ ಮಾಲಿನ ಹೆಸರು ಹುಡುಕಿ ಹೊಸ ಸಾಫ್ಟ್‌ವೇರಿನ ಕೋಡಿಗೆ ಜೋಡಿಸಬೇಕು. ಹತ್ತಿರ ಹತ್ತಿರ ಎರಡು ಲಕ್ಷ ಸಾಲು. ರೆಜೆಕ್ಸ್‌ನಲ್ಲಿ, ಅಂದರೆ ಅಕ್ಷರಗಳ ಮಾದರಿ ಬರೆದುಕೊಟ್ಟು ಹುಡುಕಿಸುವ ವಿಧಾನದಲ್ಲಿ, ಮಾಡೋಣ ಅಂದುಕೊಂಡೆ. 'ರೆಜೆಕ್ಸ್‌ನಲ್ಲಿ ಆಗಲ್ಲ, ಹುಡುಗರನ್ನು ಕೂರಿಸಿ ಟೈಪ್ ಮಾಡಿಸು' ಅಂತ ಗೆಳೆಯರೆಲ್ಲ ಹೇಳಿದರು. ಹಾಗೆ ಮಾಡಿಸಿದರೆ 40 ಸಾವಿರ ಖರ್ಚು. ನನಗೆ ಸಿಗೋದೇ 25 ಸಾವಿರ!

ಹೆಸರುಗಳು ಹೀಗಿದ್ದವು: 'ತೊಗರಿ ಬೇಳೆ (ಫಟ್ಕಾ) 30+1'. ಫಟ್ಕಾ ಅಂದರೆ ಬೇಳೆಯ ಒಂದು ಬಗೆ. 30+1 ಅಂದರೆ ಮೂವತ್ತು ಚೀಲಕ್ಕೆ ಒಂದು ಪುಕ್ಕಟೆ ಅಂತ ಮುನೀಮರ ಲೆಕ್ಕ. ರೆಜೆಕ್ಸ್‌ಗೆ ಅಲ್ಲಿ ಬ್ರ್ಯಾಕೆಟ್ ಕಾಣಲ್ಲ, ಒಳಗಿನದನ್ನು ಒಟ್ಟುಗೂಡಿಸುವ 'ಗ್ರೂಪ್' ಕಾಣುತ್ತದೆ. ಪ್ಲಸ್ ಅಂದರೆ ಅದಕ್ಕೆ 'ಹಿಂದಿನ ಅಕ್ಷರ ಒಂದು ಅಥವಾ ಹೆಚ್ಚು ಸಲ' ಅಂತ. ಬರೀ 30+1 ಹುಡುಕಿದರೆ 301, 3001 ಎಲ್ಲ ಸಿಗುತ್ತವೆ, 30+1 ಮಾತ್ರ ಸಿಗಲ್ಲ. 2019ರಲ್ಲಿ ಕಲಬುರಗಿ ತೊಗರಿಗೆ ಜಿಐ ಟ್ಯಾಗ್ (ಊರಿನ ವಿಶೇಷ ಉತ್ಪನ್ನಕ್ಕೆ ಸಿಗುವ ಭೌಗೋಳಿಕ ಗುರುತು) ಬಂದ ಮೇಲಿನ ಬಿಲ್ಲುಗಳಲ್ಲಿ [ಜಿಐ] ಅಂತ ಚೌಕ ಬ್ರ್ಯಾಕೆಟ್ ಬೇರೆ. ಅದರೊಳಗಿನ ಯಾವುದಾದರೂ ಒಂದು ಅಕ್ಷರ ಸಿಕ್ಕರೂ ರೆಜೆಕ್ಸ್‌ಗೆ ಸಾಕು.

ಇಂಥ ಚಿಹ್ನೆಯನ್ನು ಇದ್ದ ಹಾಗೇ ಓದಿಸೋಕೆ ಅದರ ಮುಂದೆ ಬ್ಯಾಕ್‌ಸ್ಲ್ಯಾಷ್ (\) ಹಾಕಬೇಕು. ಒಂದೊಂದಕ್ಕೂ ಕೈಯಿಂದ ಬ್ಯಾಕ್‌ಸ್ಲ್ಯಾಷ್ ಹಾಕುತ್ತಾ ಕೂತರೆ ಮುಗಿಯೋ ಮಾತಲ್ಲ. ಆ ಕೆಲಸವನ್ನು ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಎಸ್ಕೇಪ್ ಫಂಕ್ಷನ್ನಿಗೇ ಬಿಟ್ಟೆ. ಆದರೆ ಅದು ಸ್ಪೇಸ್‌ಗೂ ಬ್ಯಾಕ್‌ಸ್ಲ್ಯಾಷ್ ಹಾಕುತ್ತದೆ. ಬಿಲ್ಲಲ್ಲಿ ಎರಡು ಸ್ಪೇಸ್ ಇದ್ದರೆ ಮ್ಯಾಚ್ ತಪ್ಪುತ್ತದೆ. ಅದಕ್ಕೇ ಹೆಸರನ್ನು ಮೊದಲು ಸ್ಪೇಸ್‌ನಲ್ಲಿ ಒಡೆದು, ತುಂಡು ತುಂಡಾಗಿ ಎಸ್ಕೇಪ್ ಮಾಡಿ, ಮಧ್ಯೆ 'ಬ್ಯಾಕ್‌ಸ್ಲ್ಯಾಷ್ ಎಸ್ ಪ್ಲಸ್' (ಒಂದು ಅಥವಾ ಹೆಚ್ಚು ಸ್ಪೇಸ್) ಸೇರಿಸಿದೆ. ಆಮೇಲೆ ಎಲ್ಲ ಹೆಸರನ್ನೂ ಒಂದೇ ಮಾದರಿಯಲ್ಲಿ ಸೇರಿಸುವಾಗ ಉದ್ದದ ಹೆಸರು ಮೊದಲು, ಗಿಡ್ಡದ್ದು ಕೊನೆಗೆ. ಇಲ್ಲದಿದ್ದರೆ ಬರೀ 'ತೊಗರಿ ಬೇಳೆ' ಮೊದಲೇ ಮ್ಯಾಚ್ ಆಗಿ ಫಟ್ಕಾ ಹೊರಗೇ ಉಳಿಯುತ್ತದೆ.

ಜಾಸ್ತಿ ಕಾಡಿದ್ದು 'ಬ್ಯಾಕ್‌ಸ್ಲ್ಯಾಷ್ ಬಿ', ಅಂದರೆ ಪದದ ಅಂಚು ಹಿಡಿಯುವ ಗುರುತು. ಪೈಥಾನಿಗೆ ನಮ್ಮ ಗುಣಿತದ ಚಿಹ್ನೆಗಳು ಪದದ ಭಾಗವೇ ಅಲ್ಲ! 'ತೊಗರಿ'ಯನ್ನು 'ತ', 'ಗರ' ಅಂತ ಕತ್ತರಿಸುತ್ತದೆ. ಮುಚ್ಚುವ ಬ್ರ್ಯಾಕೆಟ್ ಆದ ಮೇಲೆ ಸ್ಪೇಸ್ ಇದ್ದರೂ ಅಲ್ಲಿ ಅದು ಕೆಲಸ ಮಾಡಲ್ಲ. ಹೆಸರು ಎಲ್ಲಿ ಮುಗಿಯಿತು ಅಂತ ಹಿಡಿಯೋಕೆ ನಾನೇ, ಮುಂದೇನಿದೆ ಅಂತ ಇಣುಕಿ ನೋಡುವ ಒಂದು ಲುಕ್‌ಅಹೆಡ್ ಬರೆದೆ. ಅದನ್ನು ಮಾತ್ರ ಇಲ್ಲಿ ಹಾಕಲ್ಲ, ಮುಂದಿನ ಕೆಲಸದ ರೇಟು ಅದರ ಮೇಲಿದೆ.

ಮಧ್ಯೆ ಸುಮ್ನೆ ಕನ್ನಡ ಅಂಕಿಗಳನ್ನೂ ಕೊಟ್ಟು ನೋಡಿದೆ. 'ಬ್ಯಾಕ್‌ಸ್ಲ್ಯಾಷ್ ಡಿ' (ಯಾವುದೇ ಅಂಕಿ) ೩೦ನ್ನೂ ಹಿಡಿಯುತ್ತದೆ, ಸಂಖ್ಯೆಯಾಗಿಸುವ 'ಇಂಟ್' ಅದನ್ನು 30 ಮಾಡಿಯೂ ಕೊಡುತ್ತದೆ. ಬಹಳ ಖುಷಿಯಾಯಿತು.

ಕೊನೆಗೆ ಉಳಿದದ್ದು ಸುಮಾರು 300 ಸಾಲು. ಮುನೀಮರು ಕೂತು ಅವನ್ನು ಕೈಯಿಂದಲೇ ಮುಗಿಸಿದರು. 25 ಸಾವಿರ ಪೂರ್ತಿ ಬಂತು. ಈಗ ಆಗಲ್ಲ ಅಂದವರೇ ಸ್ಕ್ರಿಪ್ಟ್ ಕೇಳುತ್ತಿದ್ದಾರೆ.